ಒಗ್ಗವ್ರೆ, ಬೆರ್ತಿಲ್ಲ

ಫೀಲ್ಡ್‌ವರ್ಕಿನ ಮೊದಲ್ನೇ ದಿನಾನೇ ನನ್ನ ಪ್ರಶ್ನಾವಳಿ ಎಡವಟ್ಟಾಯ್ತು. ಇಂಗ್ಲಿಷಲ್ಲಿ ಇಂಟಿಗ್ರೇಷನ್ (ಹೊರಗಿಂದ ಬಂದೋರು ಹೊಸ ಜಾಗಕ್ಕೆ ಹೊಂದ್ಕೊಳ್ಳೋದು) ಅಂತ ಇದ್ದಿದ್ದನ್ನ ಕನ್ನಡಕ್ಕೆ ತರೋವಾಗ ನಿಘಂಟು ನೋಡಿ "ಏಕೀಕರಣ" ಅಂತ ಹಾಕ್ಬಿಟ್ಟಿದ್ದೆ. ಬೈಲಕುಪ್ಪೆ ಪಕ್ಕದ ಕೊಪ್ಪದ ಹತ್ರ ಟೀ ಅಂಗಡೀಲಿ ಕೂತಿದ್ದ ಒಬ್ರು ಹಿರೀರನ್ನ "ಟಿಬೆಟಿಯನ್ನರ ಏಕೀಕರಣ ಆಗಿದೆ ಅನ್ಸುತ್ತಾ ನಿಮ್ಗೆ" ಅಂತ ಕೇಳಿದ್ರೆ, ಅವ್ರು ಲೋಟ ಕೆಳಗಿಟ್ಟು, ಭಾಳ ಗಂಭೀರವಾಗಿ, "ಏಕೀಕರಣ ಆಗಿದ್ದು 56ರಲ್ಲಿ ಕಣಮ್ಮ, ಇವ್ರು ಬಂದಿದ್ದು ಆಮೇಲೆ" ಅಂದ್ರು. ಪಕ್ಕದಲ್ಲಿದ್ದವ್ರು ನಕ್ಕಿದ್ದು ಅವರನ್ನ ನೋಡಿ ಅಲ್ಲ, ನನ್ನ ನೋಡಿ.

ಮನೆಗೆ ಬಂದು ಅವ್ವಂಗೆ ಹೇಳ್ದೆ. ಅವ್ವ ಸೊಪ್ಪು ಬಿಡಿಸ್ತಾ ಇದ್ಲು. ಅದನ್ನೇನು ಅಷ್ಟು ಸುತ್ತಿ ಕೇಳ್ತೀಯ, "ಒಗ್ಗವ್ರಾ, ಬೆರ್ತವ್ರಾ ಅಂತ ಕೇಳು" ಅಂದ್ಲು. ಎರಡಕ್ಕೂ ಏನವ್ವ ವ್ಯತ್ಯಾಸ ಅಂದೆ. "ಒಗ್ಗೋದು ಅಂದ್ರೆ ನೀರು ಮೈಗೆ ಹಿಡಿಯೋದು, ಬೆರೆಯೋದು ಅಂದ್ರೆ ಹಾಲಿಗೆ ನೀರು ಹುಯ್ದಂಗೆ, ಆಮ್ಯಾಕೆ ಯಾವ್ದು ಯಾವ್ದೂಂತ ಗೊತ್ತಾಗಾಕಿಲ್ಲ. ಕ್ಯಾಂಪಿನವ್ರು ಒಗ್ಗವ್ರೆ ಕಣವ್ವ, ಬೆರ್ತಿಲ್ಲ ಅಷ್ಟೇಯ."

ಎರಡು ವರ್ಷ ಓದಿದ್ದ ಥಿಯರಿ ಎಲ್ಲಾ ಸೊಪ್ಪಿನ ಮೊರದಲ್ಲಿ ಮುಗಿದೋಯ್ತು ಅಂತ ಬೇಜಾರೂ ಆಯ್ತು, ಖುಷೀನೂ ಆಯ್ತು.

ನಾನು ಓದ್ತಿರೋದು ಬಲವಂತದ ವಲಸೆ ಬಗ್ಗೆ, ಅಂದ್ರೆ ಯುದ್ಧ, ದಂಗೆ, ಸರ್ಕಾರದ ದಬ್ಬಾಳಿಕೆ ಇಂಥದ್ರಿಂದ ಊರು ಬಿಟ್ಟು ಓಡಿಬಂದವ್ರು, ಬಂದ ಜಾಗದಲ್ಲಿ ಹೆಂಗೆ ಬದುಕು ಕಟ್ಕೋತಾರೆ ಅನ್ನೋದು. ಯಾರಿಗಾದ್ರೂ ಹೇಳಿದ್ರೆ "ಓ ಸಿರಿಯಾ, ಉಕ್ರೇನಾ" ಅಂತಾರೆ. ಇಲ್ಲ ಸಾರ್, ಪಿರಿಯಾಪಟ್ಟಣ ತಾಲ್ಲೂಕು. ಬೈಲಕುಪ್ಪೆ. ನಮ್ಮೂರಿನ ಹೊಲದ ಬದಿ ಮೇಲೆ ನಿಂತ್ರೆ ಕ್ಯಾಂಪಿನ ಬಾವುಟಗಳು ಕಾಣ್ತವೆ. ಸೆಟ್ಲ್‌ಮೆಂಟ್ ಅಂತ ಕಾಗದದಲ್ಲಿ ಹೆಸ್ರು, ನಮ್ ಕಡೆ ಯಾರೂ ಹಂಗನ್ನಲ್ಲ, ಕ್ಯಾಂಪು ಅಂತಲೇ ಅನ್ನೋದು, ಒಂದ್ನೇ ಕ್ಯಾಂಪು ನಾಕ್ನೇ ಕ್ಯಾಂಪು ಅಂತ ನಂಬರ್ ಮೇಲೆ. ಅರವತ್ತು ವರ್ಷದ ಮೇಲಾಯ್ತು, ಆರ್‌ಸಿಸಿ ಮನೆಗಳಾದ್ವು, ಚಿನ್ನದ ಬಣ್ಣದ ದೇವಸ್ಥಾನ ನೋಡೋಕೆ ಟೂರಿಸ್ಟ್ ಬಸ್ಸು ಬರ್ತವೆ, ಆದ್ರೂ ಅದು ಕ್ಯಾಂಪೇ. ಕ್ಯಾಂಪು ಅಂದ್ರೆ ನಾಳೆ ಎತ್ಕೊಂಡು ಹೋಗೋದು ಅಂತ ತಾನೇ ಅರ್ಥ. ಈ ಪದ ಯಾರೂ ಯೋಚ್ನೆ ಮಾಡಿ ಇಟ್ಟಿದ್ದಲ್ಲ, ಬಾಯಿಗೆ ಬಂದಿದ್ದು, ಹಂಗೇ ಉಳ್ಕೊಂಡಿದ್ದು.

ಕತೆ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. 1959ರ ಮಾರ್ಚಲ್ಲಿ ಲಾಸಾದಲ್ಲಿ ದಂಗೆ ಆಯ್ತು, ದಲೈಲಾಮಾ ತಪ್ಪಿಸ್ಕೊಂಡು ತವಾಂಗ್ ಕಡೆಯಿಂದ ಭಾರತಕ್ಕೆ ಬಂದ್ರು, ಹಿಂದೇನೇ ಸುಮಾರು 80,000 ಜನ. ಮೊದಲು ಇವ್ರಿಗೆ ಸಿಕ್ಕಿದ್ದು ಹಿಮಾಲಯದ ಕಡೆ ರಸ್ತೆ ಕಡಿಯೋ ಕೆಲ್ಸ. ಬೆಟ್ಟದ ಚಳಿಗೆ ಹುಟ್ಟಿದ ಮೈ, ಕೆಳಗಿನ ಸೆಕೆ, ಹೊಸ ಕಾಯಿಲೆಗಳು, ಟೀಬಿ, ಭೂಕುಸಿತ, ಭಾಳ ಜನ ಸತ್ರು. ಬಂಗಾಳದ ಬಕ್ಸಾದಲ್ಲಿ ಬ್ರಿಟಿಷರ ಕಾಲದ ಜೈಲು ಇದ್ದ ಜಾಗದಲ್ಲಿ ಸನ್ಯಾಸಿಗಳನ್ನ ಇಟ್ಟಿದ್ರು, ಅಲ್ಲೂ ಟೀಬಿ. ಕಾಯಂ ಆಗಿ ನೆಲೆ ನಿಲ್ಲಿಸ್ಬೇಕು ಅಂತ ನೆಹರು ರಾಜ್ಯಗಳ ಮುಖ್ಯಮಂತ್ರಿಗಳಿಗೆಲ್ಲಾ ಬರೆದ್ರು. ಮೈಸೂರು ರಾಜ್ಯ ಒಪ್ಕೊಳ್ತು, ಬೈಲಕುಪ್ಪೆ ಹತ್ರ ಸುಮಾರು 3,000 ಎಕರೆ ಕೊಡ್ತು. 1960ರ ಕೊನೆ ಹೊತ್ತಿಗೆ ಜನ ಬರೋಕೆ ಶುರು. ಆಮೇಲೆ 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲಕುಪ್ಪೇಲೇ ಎರಡ್ನೇದು, 70ರ ದಶಕದಲ್ಲಿ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ನಮ್ ರಾಜ್ಯದಲ್ಲೇ ಒಟ್ಟು ಐದು.

ಕೊಟ್ಟಿದ್ದು 3,000 ಎಕರೆ ಅಂದ್ರೆ ಹೊಲ ಅಲ್ಲ, ಕಾಡು. ಡೇರೆ ಹಾಕ್ಕೊಂಡು ಮರ ಕಡೀಬೇಕು, ಬೇರು ಕೀಳ್ಬೇಕು, ರಾತ್ರಿ ಆನೆ ಬರುತ್ತೆ. ಆನೆ ಓಡಿಸೋಕೆ ಡಬ್ಬ ಬಡಿಯೋದನ್ನ ಅವ್ರಿಗೆ ಕಲಿಸಿದ್ದು ನಾನೇ ಅಂತ ನಮ್ ತಾತ ಸಾಯೋವರ್ಗೂ ಹೇಳ್ತಿತ್ತು, ಅದು ಎಷ್ಟು ನಿಜವೋ ಎಷ್ಟು ತಾತನ ಸ್ವಂತದ್ದೋ ಗೊತ್ತಿಲ್ಲ, ಥೀಸಿಸ್ಸಲ್ಲಿ ಹಾಕಿಲ್ಲ. ಯಾಕ್ ದನ ಕಾಯ್ಕೊಂಡು, ಬಾರ್ಲಿ ಬೆಳ್ಕೊಂಡು ಇದ್ದೋರು ಕೆಂಪು ಮಣ್ಣಲ್ಲಿ ಮುಸುಕಿನ ಜೋಳ ಹಾಕೋದು ಕಲಿತ್ರು. ಒಂದೊಂದು ತಲೆಗೆ ಒಂದೊಂದು ಎಕರೆ ಲೆಕ್ಕ. ಹೊಲ ನಂಬ್ಕೊಂಡು ಪೂರ್ತಿ ವರ್ಷ ಸಾಗಲ್ಲ ಅಂತ ಚಳಿಗಾಲಕ್ಕೆ ಲೂಧಿಯಾನದಿಂದ ಸ್ವೆಟರ್ ತಂದು ಊರೂರಲ್ಲಿ ಮಾರೋಕೆ ನಿಂತ್ರು, ಮೈಸೂರು ಬೆಂಗಳೂರಿನವ್ರಿಗೆ ಟಿಬೆಟಿಯನ್ ಅಂದ್ರೆ ಇವತ್ತಿಗೂ ಮೊದಲು ನೆನಪಾಗೋದು ಫುಟ್‌ಪಾತಿನ ಸ್ವೆಟರೇ.

ಈಗ ನನ್ನ ಓದಿನ ವಿಷ್ಯ. ನಿರಾಶ್ರಿತರು ಹೊಸ ನೆಲದಲ್ಲಿ ಎಷ್ಟು ಹೊಂದ್ಕೊಂಡಿದಾರೆ ಅಂತ ಅಳೆಯೋಕೆ ಎಲ್ರೂ ಬಳಸೋ ಒಂದು ಚೌಕಟ್ಟು ಇದೆ, ಏಜರ್ ಮತ್ತೆ ಸ್ಟ್ರಾಂಗ್ ಅನ್ನೋ ಇಬ್ರು 2008ರಲ್ಲಿ ಪ್ರಕಟಿಸಿದ್ದು. ಹತ್ತು ಅಂಶ. ತಳದಲ್ಲಿ ಹಕ್ಕು ಮತ್ತೆ ಪೌರತ್ವ, ಅದು ಪಾಯ. ಅದರ ಮೇಲೆ ಭಾಷೆ ಮತ್ತೆ ಸ್ಥಳೀಯ ಸಂಸ್ಕೃತಿಯ ತಿಳುವಳಿಕೆ ಸೇರಿ ಒಂದು, ಸುರಕ್ಷತೆ ಇನ್ನೊಂದು. ಅದರ ಮೇಲೆ ಸಂಬಂಧಗಳು: ತಮ್ಮವರ ಜೊತೆ, ಬೇರೆಯವರ ಜೊತೆ, ಸರ್ಕಾರದ ಜೊತೆ. ಮೇಲ್ಗಡೆ ಕೆಲಸ, ಮನೆ, ಓದು, ಆರೋಗ್ಯ. ನೋಡೋಕೆ ಚೆನ್ನಾಗಿದೆ, ಚಿತ್ರ ಬರೆದ್ರೆ ಮನೆ ಥರಾನೇ ಕಾಣುತ್ತೆ. ಆದ್ರೆ ಅದಕ್ಕೆ ಫೀಲ್ಡ್‌ವರ್ಕ್ ಮಾಡಿದ್ದು ಲಂಡನ್ನಿನ ಇಸ್ಲಿಂಗ್ಟನ್ನಲ್ಲಿ, ಗ್ಲಾಸ್ಗೋದ ಪೊಲಾಕ್‌ಶಾಸಲ್ಲಿ. ಅಲ್ಲಿ ಪಾಯ ಅಂದ್ರೆ ಪಾಯ, ಆಶ್ರಯ ಕೊಟ್ಟೆ ಅಂತ ಸರ್ಕಾರ ಕಾಗದ ಕೊಡುತ್ತೆ, ಆಮೇಲೆ ಒಂದಿನ ಪೌರತ್ವ.

ಬೈಲಕುಪ್ಪೇಲಿ ಆ ಚಾರ್ಟ್ ಹಿಡ್ಕೊಂಡು ಕೂತ್ರೆ ತಲೆ ಕೆಡುತ್ತೆ. ಮೇಲಿನ ನಾಕಕ್ಕೂ ಟಿಕ್ ಬೀಳುತ್ತೆ: ಮನೆ ಇದೆ, ಓದು ಇದೆ (1961ರಲ್ಲೇ ಟಿಬೆಟಿಯನ್ ಶಾಲೆಗಳಿಗೆ ಅಂತ್ಲೇ ಕೇಂದ್ರ ಸರ್ಕಾರ ಬೇರೆ ಆಡಳಿತ ಮಾಡ್ಕೊಡ್ತು), ಆಸ್ಪತ್ರೆ ಇದೆ, ಕೆಲಸ ಇದೆ. ಕೆಳಗಿನ ಪಾಯದ ಕಾಲಂ ಮಾತ್ರ ಖಾಲಿ. ಪಾಯಾನೇ ಇಲ್ದೆ ಮೂರಂತಸ್ತು ನಿಂತಿದೆ, ಅದೂ ಅರವತ್ತು ಚಿಲ್ಲರೆ ವರ್ಷ.

ಯಾಕಂದ್ರೆ ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, 1967ರ ಪ್ರೋಟೋಕಾಲಿಗೂ ಇಲ್ಲ. ನಿರಾಶ್ರಿತ ಅನ್ನೋ ಪದಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. ಕಾನೂನಿನ ಕಣ್ಣಲ್ಲಿ ಅವ್ರು ವಿದೇಶೀಯರು, ಅಷ್ಟೇ. ಅವರ ಕೈಲಿ ಇರೋದು ಆರ್‌ಸಿ. ನಾನು ಮೊದಲ ಸಲ "ಆರ್‌ಸಿ ರಿನ್ಯೂ ಮಾಡಿಸ್ಬೇಕು" ಅಂತ ಒಬ್ಬ ಹುಡುಗ ಹೇಳಿದಾಗ ಬೈಕಿಂದು ಅನ್ಕೊಂಡು "ಹದಿನೈದು ವರ್ಷ ಆಯ್ತಾ ಗಾಡಿಗೆ" ಅಂತ ಕೇಳ್ಬಿಟ್ಟೆ. ಅವ್ನು ಹೊಟ್ಟೆ ಹಿಡ್ಕೊಂಡು ನಕ್ಕು, "ಗಾಡಿಗಲ್ಲ, ನಂಗೆ" ಅಂದ. ರಿಜಿಸ್ಟ್ರೇಷನ್ ಸರ್ಟಿಫಿಕೇಟ್, ಗಾಡಿಗೂ ಅದೇ, ಮನುಷ್ಯಂಗೂ ಅದೇ. ವಿದೇಶಕ್ಕೆ ಹೋಗ್ಬೇಕು ಅಂದ್ರೆ ಪಾಸ್‌ಪೋರ್ಟ್ ಬದಲು ಐಸಿ (ಐಡೆಂಟಿಟಿ ಸರ್ಟಿಫಿಕೇಟ್) ಅಂತ ಹಳದಿ ಪುಸ್ತಕ, ಕೆಲವು ಏರ್‌ಪೋರ್ಟುಗಳಲ್ಲಿ ಅದನ್ನ ನೋಡಿ ಇದೇನಪ್ಪ ಅಂತ ಪಕ್ಕಕ್ಕೆ ನಿಲ್ಲಿಸ್ತಾರಂತೆ.

ಅದ್ರಲ್ಲೂ ಒಂದು ತಮಾಷೆ ಇದೆ, ತಮಾಷೆ ಅನ್ಬೇಕೋ ಏನೋ. ನಮ್ಮ ಪೌರತ್ವ ಕಾಯ್ದೆ ಪ್ರಕಾರ 26 ಜನವರಿ 1950ರಿಂದ 1 ಜುಲೈ 1987ರ ಒಳಗೆ ಭಾರತದಲ್ಲಿ ಹುಟ್ಟಿದೋರು ಹುಟ್ಟಿನಿಂದ್ಲೇ ಪ್ರಜೆಗಳು, ಅಪ್ಪ ಅಮ್ಮ ಯಾರಾದ್ರೂ ಸರಿ. ಅಂದ್ರೆ ಟಿಬೆಟ್ಟಲ್ಲಿ ಹುಟ್ಟಿ ಇಲ್ಲಿಗೆ ಬಂದ ಗಂಡ ಹೆಂಡ್ತಿಗೆ 1986ರಲ್ಲಿ ಹುಟ್ಟಿದ ಮಗ ಭಾರತೀಯ, 1988ರಲ್ಲಿ ಅದೇ ಮನೇಲಿ ಅದೇ ಸೂಲಗಿತ್ತಿ ಕೈಲಿ ಹುಟ್ಟಿದ ಮಗಳು ವಿದೇಶೀಯಳು. ಕಾನೂನು ಇಷ್ಟು ಸ್ಪಷ್ಟವಾಗಿದ್ರೂ ಆಫೀಸುಗಳಲ್ಲಿ ಒಪ್ತಿರ್ಲಿಲ್ಲ, ಕೋರ್ಟಿಗೆ ಹೋಗ್ಬೇಕಾಯ್ತು: 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಎರಡೂ ಕಡೆ ಹೌದು ಇವ್ರು ಪ್ರಜೆಗಳೇ ಅಂತ ತೀರ್ಪಾಯ್ತು. 2014ರಲ್ಲಿ ಚುನಾವಣಾ ಆಯೋಗ ಆ ಅವಧೀಲಿ ಹುಟ್ಟಿದವರನ್ನ ಮತದಾರರ ಪಟ್ಟಿಗೆ ಸೇರಿಸಿ ಅಂತ ಹೇಳ್ತು.

ನಾನು ಅನ್ಕೊಂಡಿದ್ದೆ ಎಲ್ರೂ ಓಡೋಗಿ ವೋಟರ್ ಐಡಿ ಮಾಡಿಸಿರ್ತಾರೆ ಅಂತ. ಪ್ರಶ್ನಾವಳೀಲಿ ಅದನ್ನ "ಏಕೀಕರಣದ" ದೊಡ್ಡ ಸೂಚಕ ಅಂತ ಬೇರೆ ಬರ್ಕೊಂಡಿದ್ದೆ. ಕೆಲವ್ರು ಮಾಡಿಸಿದಾರೆ, ಅಂಗಡಿ ಲೈಸೆನ್ಸು, ಬ್ಯಾಂಕ್ ಲೋನು, ಮಗಳ ಕಾಲೇಜು ಸೀಟು ಅಂತ ಸುಲಭ ಆಗುತ್ತಲ್ಲ. ಮಾಡಿಸ್ದೇ ಇರೋರೂ ಬೇಕಾದಷ್ಟು ಜನ. ಕ್ಯಾಂಪಲ್ಲಿ ಒಂದೇ ಟೇಬಲಲ್ಲಿ ಕೂತು ತುಕ್ಪಾ ತಿಂತಾ ಇಬ್ರು ಫ್ರೆಂಡ್ಸು ಈ ವಿಷ್ಯಕ್ಕೆ ಜೋರಾಗಿ ಜಗಳ ಆಡಿದ್ದನ್ನ ನೋಡಿದೀನಿ, ಒಬ್ಬ "ಕಾಗದ ತಗೊಂಡ್ರೆ ಮನಸ್ಸು ಬದಲಾಗುತ್ತಾ" ಅಂತ, ಇನ್ನೊಬ್ಬ "ಎಲ್ಲಾರೂ ಇಂಡಿಯನ್ ಆಗ್ಬಿಟ್ರೆ ಟಿಬೆಟ್ ಕೇಳೋರು ಯಾರು ಉಳೀತಾರೆ" ಅಂತ. ಇಬ್ರೂ ಹುಟ್ಟಿದ್ದು ಇಲ್ಲೇ, ಟಿಬೆಟ್ ನೋಡಿಲ್ಲ. ಜಗಳ ಆಡಿದ್ದು ಅರ್ಧ ಟಿಬೆಟಿಯನ್, ಅರ್ಧ ಹಿಂದಿ, ನಂಗೆ ಅರ್ಥ ಆಗ್ಲಿ ಅಂತ ನಡುನಡುವೆ ಕನ್ನಡ.

ಸೋ ಪೌರತ್ವ ಬೇಡ ಅನ್ನೋದು ಇಂಟಿಗ್ರೇಷನ್ ಫೇಲ್ ಆಗಿರೋದರ ಲಕ್ಷಣ ಅಂತ ಹೆಂಗ್ ಬರೀಲಿ? ನನ್ನ ಗೈಡ್ "ಡೇಟಾ ಹಂಗೆ ಹೇಳಿದ್ರೆ ಹಂಗೆ ಬರಿ" ಅಂತಾರೆ. ಡೇಟಾ ಏನೂ ಹೇಳಲ್ಲ, ನಾವ್ ಕೇಳಿದ್ದಕ್ಕೆ ಉತ್ರ ಕೊಡುತ್ತೆ ಅಷ್ಟೇ.

ಈ ಬೆರೀದೇ ಇರೋದು ಆಕಸ್ಮಿಕ ಅಲ್ಲ ಅನ್ನೋದು ಹಳೇ ಸಂಶೋಧಕರಿಗೂ ಗೊತ್ತಿತ್ತು. ಮೆಲ್ವಿನ್ ಗೋಲ್ಡ್‌ಸ್ಟೈನ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞ 1960ರ ದಶಕದ ಮಧ್ಯದಲ್ಲೇ ಬೈಲಕುಪ್ಪೇಲಿ ಕೂತು ಕೆಲಸ ಮಾಡಿದ್ರು, ಕ್ಯಾಂಪು ಹುಟ್ಟಿ ಐದಾರು ವರ್ಷಕ್ಕೆ. ಭಾರತ ಸರ್ಕಾರ ಇವರನ್ನ ಬಲವಂತವಾಗಿ ಕರಗಿಸೋಕೆ ಹೋಗ್ದೇ, ಒಟ್ಟಿಗೆ ಜಮೀನು ಕೊಟ್ಟು, ಒಳಗಿನ ವ್ಯವಹಾರ ನೀವೇ ನೋಡ್ಕೊಳ್ಳಿ ಅಂತ ಬಿಟ್ಟಿದ್ದೇ ಕ್ಯಾಂಪು ನಿಲ್ಲೋಕೆ ದೊಡ್ಡ ಕಾರಣ ಅಂತ ಅವರ ಬರಹದಿಂದ ಗೊತ್ತಾಗುತ್ತೆ. ಆಫ್ರಿಕಾದಲ್ಲೂ ಇದೇ ಥರದ್ದೊಂದು ಇದೆ. 1972ರಲ್ಲಿ ಬುರುಂಡಿಯ ಹತ್ಯಾಕಾಂಡದಿಂದ ಟಾಂಜಾನಿಯಾಕ್ಕೆ ಓಡಿಬಂದ ಹುಟು ಜನರ ಮಧ್ಯೆ ಲೀಸಾ ಮಾಲ್ಕಿ ಅಧ್ಯಯನ ಮಾಡಿದ್ರು. ಮಿಶಾಮೋ ಅನ್ನೋ ಕ್ಯಾಂಪಲ್ಲಿದ್ದೋರು ನಾವು ಹುಟು, ನಮ್ಮದೇ ದೇಶ ಇದೆ, ಒಂದಿನ ವಾಪಸ್ ಹೋಗ್ತೀವಿ ಅಂತ ದಿನಾ ತಮ್ಮ ಚರಿತ್ರೆ ಹೇಳ್ಕೊಂಡು ಬದುಕ್ತಿದ್ರು, ಕಿಗೋಮಾ ಪಟ್ಟಣದಲ್ಲಿದ್ದೋರು ಸಂದರ್ಭಕ್ಕೆ ತಕ್ಕಂಗೆ ಹೆಸ್ರು ಬದಲಾಯಿಸ್ಕೊಂಡು ಜನರ ಮಧ್ಯೆ ಮಾಯ ಆಗ್ಬಿಟ್ಟಿದ್ರು. ಒಂದೇ ದೇಶದ ಜನ, ನೆಲೆಸಿದ ಜಾಗ ಬೇರೆ, ಅಷ್ಟಕ್ಕೇ ಎರಡು ಥರ ಆದ್ರು. ಇದನ್ನ ಓದಿದಾಗ ನಂಗೆ ತಕ್ಷಣ ನೆನಪಾಗಿದ್ದು ಅವ್ವನ ಹಾಲು ನೀರಿನ ಲೆಕ್ಕ.

ನಂಗನ್ಸೋದು, ಬೆರೀಲೇಬೇಕು ಅನ್ನೋದೇ ನಮ್ಮ ದುರಾಸೆ. ಸೆರಾ, ನಾಮ್‌ಡ್ರೋಲಿಂಗ್ ಮಠಗಳು, ಮುಂಡಗೋಡಲ್ಲಿ ಡ್ರೆಪುಂಗ್, ಗಾಂಡೆನ್, ಇವೆಲ್ಲಾ ಟಿಬೆಟ್ಟಲ್ಲಿ ಹೊಡೆದು ಹಾಕಿದ್ದನ್ನ ಇಲ್ಲಿ ತಿರ್ಗಾ ಕಟ್ಟಿದ್ದು. ಎಲ್ರೂ ಬೆರ್ತು ಹೋಗಿದ್ರೆ ಅದ್ಯಾವ್ದೂ ಇರ್ತಿರ್ಲಿಲ್ಲ. ನಾವು ಕನ್ನಡದೋರು ದುಬೈಗೋ ನ್ಯೂಜೆರ್ಸಿಗೋ ಹೋದ್ರೆ ಮೊದಲು ಕನ್ನಡ ಕೂಟ ಕಟ್ತೀವಿ, ಅದು ಸಂಸ್ಕೃತಿ ಪ್ರೀತಿ. ಬೇರೆಯವ್ರು ಇಲ್ಲಿ ಬಂದು ಕಟ್ಟಿದ್ರೆ ಬೆರೀಲಿಲ್ಲ.

ಆದ್ರೆ ಜೇನು ಹೊಳೆ ಹರೀತಿದೆ ಅಂತ ಬರೆದ್ರೆ ನಮ್ಮೂರೋರೇ ಬಂದು ಹೊಡೀತಾರೆ. ಹೊಟ್ಟೆಕಿಚ್ಚು ಇದೆ, ಮೊದ್ಲಿಂದ್ಲೂ ಇದೆ. "ನಮ್ಗೆ ನಾಕು ಗುಂಟೆ ಇಲ್ಲ, ಎಲ್ಲಿಂದ್ಲೋ ಬಂದೋರಿಗೆ ತಲೆಗೊಂದು ಎಕರೆ" ಅನ್ನೋ ಮಾತು ನಾನು ಹುಟ್ಟಿದಾಗಿಂದ ಕೇಳಿದೀನಿ. ಕೂಲಿ ಬಗ್ಗೆ ಜಗಳ, ದನ ನುಗ್ಗಿದ್ದಕ್ಕೆ ಜಗಳ. ಅವ್ವನೇ ಒಂದು ವರ್ಷ ಒಬ್ರ ಹೊಲಕ್ಕೆ ಹೋಗಲ್ಲ ಅಂತ ಕೂತಿದ್ಲು, ಲೆಕ್ಕದಲ್ಲಿ ಅರ್ಧ ದಿನ ಕಮ್ಮಿ ಕೊಟ್ರು ಅಂತ. ಆ ಮೊಮೊಲಾನೇ (ಅಜ್ಜಿಗೆ ಹಂಗಂತಾರೆ, ತಿನ್ನೋ ಮೊಮೊ ಅಲ್ಲ) ಆಮೇಲೆ ಒಣಗಿದ ಚೀಸಿನ ಸರ ತಗೊಂಡು ಮನೆಗೆ ಬಂದು ರಾಜಿ ಆಯ್ತು. ಆ ಚೀಸು ಕಲ್ಲು ಇದ್ದಂಗೆ, ನಾನು ಒಂದು ತುಂಡನ್ನ ಸ್ಕೂಲು ಬಿಡೋವರ್ಗೂ ಬಾಯಲ್ಲಿ ಇಟ್ಕೊಂಡಿದ್ದೆ.

ಹೊಟ್ಟೆಕಿಚ್ಚಿಗಿಂತ ನನ್ನ ಹೆಚ್ಚು ಕಾಡಿದ್ದು ಇನ್ನೊಂದು. ಗುರುಪುರದ ಕ್ಯಾಂಪಿರೋ ಹುಣಸೂರು ತಾಲ್ಲೂಕಲ್ಲೇ ನಾಗಾಪುರ ಅನ್ನೋ ಪುನರ್ವಸತಿ ಕೇಂದ್ರನೂ ಇದೆ, ನಾಗರಹೊಳೆ ಕಾಡಿಂದ ಹೊರಗೆ ಹಾಕಿದ ಜೇನುಕುರುಬರು, ಮತ್ತೆ ಬೇರೆ ಆದಿವಾಸಿಗಳಿಗೆ ಮಾಡಿದ್ದು. ಅವರನ್ನೂ ಬಲವಂತವಾಗೇ ಎಬ್ಬಿಸಿದ್ದು. ಆದ್ರೆ ಗಡಿ ದಾಟಿಲ್ವಲ್ಲ, ಹಂಗಾಗಿ ನಿರಾಶ್ರಿತರು ಅನ್ನೋ ಹಾಗಿಲ್ಲ. ಒಪ್ಪಂದದ ಪ್ರಕಾರ ನಿರಾಶ್ರಿತ ಅನ್ನಿಸ್ಕೋಬೇಕು ಅಂದ್ರೆ ತನ್ನ ದೇಶದ ಹೊರಗಿರ್ಬೇಕು, ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಈ ಐದರಲ್ಲಿ ಒಂದಕ್ಕೆ ಕಿರುಕುಳದ ಭಯ ಇರ್ಬೇಕು. ಹುಲಿಗೆ ಜಾಗ ಬೇಕು ಅಂತ ಎಬ್ಬಿಸಿದ್ರೆ ಆರನೇ ಕಾಲಂ ಇಲ್ಲ. ದೇಶದೊಳಗೇ ಸ್ಥಳಾಂತರ ಆದೋರಿಗೆ ವಿಶ್ವಸಂಸ್ಥೆ 1998ರಲ್ಲಿ ಮಾರ್ಗಸೂಚಿ ಅಂತ ಮಾಡಿದೆ, ಅದನ್ನ ಆದಿವಾಸಿಗಳ ಹಾಡಿಗೆ ತಗೊಂಡೋಗಿ ಯಾರಿಗೆ ತೋರಿಸ್ಲಿ. ನನ್ನ ಜೊತೆ ಫೀಲ್ಡಿಗೆ ಬಂದಿದ್ದ ಅವ್ವ (ಹೌದು, ಅವ್ವನ್ನ ಕರ್ಕೊಂಡು ಹೋಗ್ತಿದ್ದೆ, ಅವ್ಳಿಲ್ದೆ ಯಾರೂ ಬಾಯಿ ಬಿಡಲ್ಲ) ಒಂದ್ಸಲ ಕೇಳಿದ್ಲು, "ದೂರದಿಂದ ಬಂದೋರ್ ಬಗ್ಗೆ ಬರ್ಯೋಕೆ ನಿಂಗೆ ದುಡ್ ಕೊಡ್ತಾರೆ, ಹತ್ರದಿಂದ ಬಂದೋರ್ ಬಗ್ಗೆ ಬರ್ದ್ರೆ ಕೊಡಾಕಿಲ್ವಾ?" ಫೆಲೋಶಿಪ್ ಬರೋದೇ ಮೂರು ತಿಂಗಳು ತಡವಾಗಿ ಅಂತ ಮಾತು ಬದಲಾಯಿಸ್ದೆ.

ಪಾಯ ಇದ್ದೂ ಮನೆ ಏಳ್ದೇ ಇರೋ ಕೇಸೂ ನಮ್ ರಾಜ್ಯದಲ್ಲಿದೆ. ಸುಳ್ಯ ಪುತ್ತೂರು ಕಡೆ ಹೋದೋರಿಗೆ ಗೊತ್ತಿರುತ್ತೆ, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ತಮಿಳು ಮಾತಾಡೋ ಕೆಲಸಗಾರರು. ಬ್ರಿಟಿಷರು ಇವರ ಹಿರೀಕರನ್ನ ಸಿಲೋನಿನ ಟೀ ತೋಟಗಳಿಗೆ ಕೂಲಿಗೆ ಅಂತ ತಗೊಂಡೋದ್ರು, ಸಿಲೋನ್ ಸ್ವತಂತ್ರ ಆದ್ಮೇಲೆ ನೀವು ನಮ್ಮೋರಲ್ಲ ಅಂತು, 1964ರ ಶಾಸ್ತ್ರಿ ಸಿರಿಮಾವೋ ಒಪ್ಪಂದದಲ್ಲಿ 5,25,000 ಜನರನ್ನ ಭಾರತ ತಗೊಳ್ಳೋದು ಅಂತ ಎರಡು ಸರ್ಕಾರ ಕೂತು ಹಂಚ್ಕೊಂಡ್ರು. ಹಂಗೆ ಬಂದೋರಲ್ಲಿ ಕೆಲವರು ಇವ್ರು. ಇವರಿಗೆ ಪೌರತ್ವ ಮೊದಲ ದಿನದಿಂದ್ಲೇ ಇತ್ತು. ಪಾಯ ಗಟ್ಟಿ. ಆದ್ರೆ ಸಿಕ್ಕಿದ್ದು ತೋಟದ ಲೈನ್ ಮನೆ, ಜಾತಿ ಸರ್ಟಿಫಿಕೇಟಿಗೆ ಅಲೆದಾಟ. ಕೆಲಸ ಬಿಟ್ರೆ ಮನೆಯೂ ಹೋಗುತ್ತೆ. ಪೂರ್ವ ಪಾಕಿಸ್ತಾನದಿಂದ ಓಡಿಬಂದೋರಿರೋ ಸಿಂಧನೂರಿನ ಬಂಗಾಳಿ ಕ್ಯಾಂಪುಗಳಲ್ಲೂ ಜಾತಿ ಸರ್ಟಿಫಿಕೇಟಿನ ಗೋಳೇ, ಬಂಗಾಳದಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿ, ಇಲ್ಲಿ ಅಲ್ಲ. ಅಂದ್ರೆ ಪೌರತ್ವ ಇಲ್ದೋರಿಗೆ ಜಮೀನು ಶಾಲೆ ಮಠ, ಪೌರತ್ವ ಇದ್ದೋರಿಗೆ ಲೈನ್ ಮನೆ. ಆ ಹತ್ತು ಕಾಲಮ್ಮಿನ ಚಾರ್ಟು ನನ್ನ ರೂಮಿನ ಗೋಡೆ ಮೇಲೆ ಇದೆ, ತೆಗೆದಿಲ್ಲ, ನೋಡಿದಾಗೆಲ್ಲಾ ಬೈಕೋತೀನಿ.

ಬೈದ್ರೂ ಒಂದು ಒಳ್ಳೇ ಮಾತು ಈ ವಿಷ್ಯದಲ್ಲಿ ಎಲ್ಲಾ ಪುಸ್ತಕದಲ್ಲೂ ಬರುತ್ತೆ, ಇಂಟಿಗ್ರೇಷನ್ ಅನ್ನೋದು ಎರಡೂ ಕಡೆಯಿಂದ ಆಗೋದು ಅಂತ, ಬಂದೋರೂ ಬದಲಾಗ್ಬೇಕು ಇದ್ದೋರೂ ಬದಲಾಗ್ಬೇಕು. ಮಾತೇನೋ ಸರಿ. ಆದ್ರೆ ಪ್ರಶ್ನಾವಳಿ ತೆಗೆದ್ರೆ ಎಲ್ಲಾ ಪ್ರಶ್ನೆ ಬಂದೋರಿಗೇ. ಇಲ್ಲಿನ ಭಾಷೆ ಬರುತ್ತಾ, ಇಲ್ಲಿನ ಹಬ್ಬಕ್ಕೆ ಹೋಗ್ತೀರಾ, ಇಲ್ಲಿನ ಸ್ನೇಹಿತರು ಎಷ್ಟು. ಅರವತ್ತು ವರ್ಷ ಪಕ್ಕದಲ್ಲಿದ್ದೀರಲ್ಲ, ನಿಮ್ಗೆ ಅವರ ಭಾಷೆ ಬರುತ್ತಾ ಅಂತ ನಮ್ಮೂರೋರನ್ನ ಯಾರೂ ಕೇಳಿರ್ಲಿಲ್ಲ. ನಾನೂ ಕೇಳಿರ್ಲಿಲ್ಲ. ಮನೇಲೇ ಉತ್ರ ಇಟ್ಕೊಂಡು.

ಅವ್ವಂಗೆ ಬರುತ್ತೆ. ಚೆನ್ನಾಗೇ ಬರುತ್ತೆ. ಹದಿನಾಲ್ಕು ವರ್ಷಕ್ಕೇ ಜೋಳ ಮುರಿಯೋಕೆ ಹೋದೋಳು, ಮದುವೆ ಆದ್ಮೇಲೂ ಹೋದ್ಲು, ನಾನು ಹೊಟ್ಟೇಲಿದ್ದಾಗ್ಲೂ ಹೋದ್ಲು. ಕ್ಯಾಂಪಿನ ಹಳೇ ಹೆಂಗಸರು ಕೂಲಿಯವರ ಜೊತೆ ಕನ್ನಡ ಆಡ್ತಾರೆ, ಥೇಟ್ ನಮ್ಮೂರ ಕನ್ನಡ, ಐತೆ ಬತ್ತದೆ ಅಂತ. ಅವ್ವ ಅವರ ಜೊತೆ ಟಿಬೆಟಿಯನ್ ಆಡ್ತಾಳೆ. ಹಂಗಾಗಿ ಇಬ್ರೂ ಒಬ್ಬರ ಭಾಷೆ ಇನ್ನೊಬ್ರು ಆಡ್ಕೊಂಡು ಮಾತಾಡೋದನ್ನ ನೋಡೋಕೆ ಚೆಂದ. ಮಠದ ಸಾಲಿನ ಅಂಗಡಿಗಳಲ್ಲಿ, ಕುಶಾಲನಗರದ ಆಟೋ ಸ್ಟ್ಯಾಂಡಲ್ಲಿ ಇಂಥೋರು ಇನ್ನೂ ಎಷ್ಟು ಜನ ಇದಾರೋ, ಯಾವ ಸರ್ವೇಲೂ ಇಲ್ಲ. ಅವ್ವನ ಸಂಘನೂ ಕ್ಯಾಂಪಿನದ್ದೇ ಒಂಥರಾ ಬಳುವಳಿ. ಮೈರಾಡ ಅಂತ ಇದೆಯಲ್ಲ, ಸ್ತ್ರೀಯರ ಸ್ವಸಹಾಯ ಸಂಘಗಳನ್ನ ಶುರು ಮಾಡಿಸಿದೋರಲ್ಲಿ ಮೊದಲಿಗರು ಅವ್ರು. ಆ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟಿಯನ್ನರ ಪುನರ್ವಸತಿಗೆ, ಹೆಸರಲ್ಲೇ ಮೈಸೂರು ಮತ್ತೆ ಪುನರ್ವಸತಿ ಇದೆ. ಆ ಕೆಲಸ ಮುಗಿದ್ಮೇಲೆ ಸುತ್ತಲ ಹಳ್ಳಿಗಳ ಕಡೆ ತಿರುಗ್ತು, 80ರ ದಶಕದಲ್ಲಿ ಸಂಘಗಳು ಬಂದ್ವು. ವಾರಕ್ಕೆ ಹತ್ತು ರೂಪಾಯಿ ಕಟ್ಟಿ ಅವ್ವ ಹಸು ತಗೊಂಡಿದ್ದರ ಹಿಂದೆ ಲಾಸಾದ ದಂಗೆ ಇದೆ ಅಂತ ಹೇಳಿದ್ರೆ ಅವ್ವ ನಂಬ್ಲಿಲ್ಲ. ಗೈಡೂ ಅಷ್ಟೇ.

ಈಗ ಆಗ್ತಿರೋದು ಇನ್ನೊಂದು ಥರ. 2009ರ ಟಿಬೆಟಿಯನ್ ಜನಗಣತೀಲಿ ಭಾರತದಲ್ಲಿ 94,203 ಜನ ಇದ್ರು, ಅಲ್ಲಿಂದ ಈಚೆಗೆ ಇಳೀತಾನೇ ಇದೆ. ಹುಡುಗ್ರು ಹೋಗ್ತಿದಾರೆ, ಟೊರೊಂಟೊದ ಪಾರ್ಕ್‌ಡೇಲ್, ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್, ಪ್ಯಾರಿಸ್, ಬೆಲ್ಜಿಯಂ. ಅಲ್ಲಿಗೆ ಹೋಗಿ ತಿರ್ಗಾ ಮೊದ್ಲಿಂದ ನಿರಾಶ್ರಿತರು. ಮಠಗಳೇನೋ ತುಂಬಿವೆ, ಲಡಾಖ್, ಅರುಣಾಚಲ, ನೇಪಾಳದ ಹುಡುಗ್ರು ಬರ್ತಾರೆ, ಆದ್ರೆ ಮನೆಗಳಿಗೆ ಬೀಗ. 2014ರ ಪುನರ್ವಸತಿ ನೀತೀಲಿ ಜಮೀನನ್ನ 20 ವರ್ಷದ ಲೀಸಿಗೆ ಬರೆದುಕೊಡಿ, ಸರ್ಕಾರಿ ಯೋಜನೆಗಳನ್ನೂ ಕೊಡಿ ಅಂತ ಕೇಂದ್ರ ಹೇಳ್ತು, ಕಾಗದ ಗಟ್ಟಿ ಆಗೋ ಹೊತ್ತಿಗೆ ಉಳೋ ಕೈಗಳು ಖಾಲಿ ಆದ್ವು. ನಾನು ಓಡಾಡಿದ ಕಡೆ ಎಷ್ಟೋ ಹೊಲದಲ್ಲಿ ಗೇಯ್ತಿರೋದು ನಮ್ಮೋರೇ. ಕೆಲವು ಕಡೆ ಶುಂಠಿ ಹಾಕಿದಾರೆ. ಮುದುಕರನ್ನ ನೋಡ್ಕೊಳ್ಳೋಕೆ ನಮ್ಮೂರಿಂದ ಇಬ್ರು ಹೆಂಗಸ್ರು ದಿನಾ ಹೋಗ್ತಾರೆ. ಅದನ್ನ ಒಂದು ಅಧ್ಯಾಯ ಮಾಡ್ತೀನಿ ಅಂದೆ, ವಿಷ್ಯದಿಂದ ಹೊರಗೆ ಹೋಗ್ಬೇಡ ಅಂದ್ರು ಗೈಡು, ನಿನ್ನ ಟೈಟಲ್ಲಲ್ಲಿ ಇಂಟಿಗ್ರೇಷನ್ ಅಂತ ಇದೆ ವಲಸೆ ಹೋಗೋದು ಅಂತಿಲ್ಲ ಅಂತ. ಸರಿ, ಟೈಟಲ್ ಬದಲಾಯಿಸೋಕೆ ಅರ್ಜಿ ಹಾಕಿದೀನಿ, ಮೂರು ಕಾಪಿ, ಇನ್ನೂ ಉತ್ರ ಇಲ್ಲ.

ಪ್ರಶ್ನಾವಳಿ ಮಾತ್ರ ಬದಲಾಯಿಸ್ದೆ. ಏಕೀಕರಣ ತೆಗೆದು "ಒಗ್ಗಿದೆಯಾ" ಅಂತ ಹಾಕ್ದೆ. ಚೀಸಿನ ಸರ ತಂದಿದ್ದ ಮೊಮೊಲಾಗೇ ಮೊದಲು ಕೇಳಿದ್ದು. ಈಗ ಎಂಬತ್ತರ ಮೇಲೆ, ಹಲ್ಲಿಲ್ಲ, ಮಣಿ ತಿರುಗಿಸ್ತಾ ಬಿಸಿಲಿಗೆ ಕೂತಿತ್ತು. "ನೀರು ಒಗ್ತು. ಬಿಸ್ಲು ಒಗ್ಗಿಲ್ಲ" ಅಂತು. ಮತ್ಯಾಕೆ ಬಿಸಿಲಲ್ಲಿ ಕೂತಿದೀರ ಅಂದೆ. "ಮಂಡಿ ನೋವು ಕಣ್ ಮಗಾ" ಅಂತು. ಅದನ್ನ ಹಂಗೇ ಬರ್ಕೊಂಡೆ.

ಆಮೇಲೆ ಅದೇ ಪ್ರಶ್ನೆ ನಮ್ಮೂರೋರಿಗೂ ಕೇಳ್ತೀನಿ ಅಂತ ಅವ್ವನಿಂದ ಶುರು ಮಾಡೋಣ ಅಂತ ಹೋದೆ. ಅವತ್ತು ನಮ್ ಜೋಳ ಲಾರಿಗೆ ತುಂಬ್ತಾ ಇದ್ರು. ಮೂಟೆ ಎತ್ತೋಕೆ ಬಿಹಾರದ ಹುಡುಗ್ರು ಬಂದಿದ್ರು. ಅವ್ವ ಲಾರಿ ಪಕ್ಕ ನಿಂತ್ಕೊಂಡು ಒಂದೊಂದು ಮೂಟೆಗೂ ಬೆರಳು ಮಡಿಸ್ತಾ ಎಣಿಸ್ತಿದ್ಲು, ಚಿಕ್, ನ್ಯಿ, ಸುಮ್, ಶಿ, ಙಾ... ಲೆಕ್ಕ ತಪ್ಪುತ್ತೆ ಅಂತ ನಾನು ಮಾತಾಡಿಸ್ಲಿಲ್ಲ. ಒಬ್ಬ ಹುಡುಗ ಮೂಟೆ ಇಳಿಸಿ ಬೆವರು ಒರೆಸ್ಕೊಂಡು "ಇದು ಕನ್ನಡನಾ ಅಮ್ಮ?" ಅಂತ ಹಿಂದೀಲಿ ಕೇಳಿದ. ಅವ್ವ ಬೆರಳು ಬಿಡದೇನೇ, ಇಲ್ಲ, ಕ್ಯಾಂಪ್ ಮಾತು, ನೀನು ಎತ್ತು, ಅಂದು, ಡ್ರುಕ್ ಅಂತ ಮುಂದಿನ ಮೂಟೆಗೆ ಹೋದ್ಲು.